ಬಯಲಾಟದ ವಿಡಿಯೋ: ಹಣ ಯಾರಿಗೆ, ಹಕ್ಕು ಯಾರದ್ದು?

ಕಾಸರಗೋಡು: ಕುಂಬಳೆ ಸೀಮೆಯ ಬಯಲಾಟಗಳಲ್ಲಿ ಈಗ ರಂಗಸ್ಥಳದೆದುರು ಚಾಪೆ ಹಾಸುವವರಿಗಿಂತ ಮೊದಲೇ ಕ್ಯಾಮರಾದವರು ಜಾಗ ಹಿಡಿದಿರುತ್ತಾರೆ. ಚೆಂಡೆಗೆ ಪೆಟ್ಟು ಬಿದ್ದದ್ದೇ ತಡ, ಆಟ ಯೂಟ್ಯೂಬಿನಲ್ಲಿ ನೇರ ಪ್ರಸಾರ. ಮುಂಬಯಿಯವರೂ ಗಲ್ಫಿನಲ್ಲಿರುವ ಮಕ್ಕಳೂ ಅಲ್ಲಿಂದಲೇ ಊರಿನ ಆಟ ನೋಡುತ್ತಾರೆ. ಸಂತೋಷವೇ. ಆದರೆ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಕಲಾವಿದ ಮಳೆಗಾಲ ಕಳೆಯುವ ದಾರಿ ಹುಡುಕುತ್ತಿರುವಾಗ, ಅವನದೇ ವೇಷದ ವಿಡಿಯೋ ಬೇರೊಬ್ಬರಿಗೆ ಸಂಪಾದನೆ ತರುತ್ತಿರಬಹುದು.

ಯೂಟ್ಯೂಬ್ ಶುರುವಾದದ್ದು 2005ರಲ್ಲಿ. ಮರುವರ್ಷವೇ ಗೂಗಲ್ ಅದನ್ನು 165 ಕೋಟಿ ಡಾಲರಿಗೆ ಕೊಂಡಿತು. 2007ರಲ್ಲಿ ಅಮೆರಿಕದ ವಯಾಕಾಮ್ ಕಂಪೆನಿ, ತನ್ನ ಕಾರ್ಯಕ್ರಮಗಳನ್ನು ಅನುಮತಿಯಿಲ್ಲದೆ ಹಾಕಿದ್ದಾರೆಂದು 100 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿತು. ಅದು ರಾಜಿಯಾದದ್ದು 2014ರಲ್ಲಿ.

ಇಂದು 1000 ಚಂದಾದಾರರು, 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ ಇದ್ದರೆ ಜಾಹೀರಾತಿನ ಪಾಲಿಗೆ ಅರ್ಜಿ ಹಾಕಬಹುದು. ಉದ್ದದ ವಿಡಿಯೋಗಳಲ್ಲಿ ಶೇ. 55 ಚಾನೆಲಿನವರಿಗೆ. ಬೆಳಗಿನವರೆಗೆ ನಡೆಯುವ ಆಟಕ್ಕೆ ಗಂಟೆ ತುಂಬಿಸುವುದೇನೂ ದೊಡ್ಡ ಸಂಗತಿಯಲ್ಲ ಬಿಡಿ!

ತೊಡಕು ಇರುವುದು ಕಾನೂನಿನಲ್ಲಿ. ಕೃತಿಯ ಹಕ್ಕು ಕವಿ ತೀರಿಕೊಂಡ ಬಳಿಕ 60 ವರ್ಷ ಮಾತ್ರ. ಹಾಗಾಗಿ ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ಎಲ್ಲರ ಸೊತ್ತು. ಆದರೆ ಅದೇ ಪದವನ್ನು ಇಂದು ಹಾಡಿದ ಭಾಗವತರಿಗೆ, ಕುಣಿದ ವೇಷಧಾರಿಗೆ ಆ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ. ಮನೆಯವರು ನೋಡಲಿಕ್ಕೆಂದು ಚಿತ್ರೀಕರಿಸಿದರೆ ತೊಂದರೆಯಿಲ್ಲ. ಜಾಲಕ್ಕೆ ಏರಿಸಿದರೆ ಅದು ಸಾರ್ವಜನಿಕ ಪ್ರಸಾರ, ಒಪ್ಪಿಗೆ ಬೇಕೇ ಬೇಕು. ಹೊಸ ಪ್ರಸಂಗವಾದರೆ ಕವಿಯನ್ನೂ ಕೇಳಬೇಕು.

ಯಕ್ಷಗಾನಕ್ಕೆಂಥ ಕಾಪಿರೈಟ್ ಎನ್ನುವವರು ಶಿವರಾಮ ಕಾರಂತರ ಪ್ರಕರಣ ನೆನಪಿಸಿಕೊಳ್ಳಬೇಕು. ಅವರು ರೂಪಿಸಿದ ಯಕ್ಷಗಾನ ಬ್ಯಾಲೆ ಪ್ರಸಂಗವೊಂದನ್ನು 2001ರಲ್ಲಿ ದೆಹಲಿಯಲ್ಲಿ ಆಡಿದ್ದಕ್ಕೆ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾರಂತರ 1994ರ ಉಯಿಲಿನಂತೆ ಆ ಪ್ರಸಂಗಗಳ ಹಕ್ಕು ಮಾಲಿನಿ ಮಲ್ಯ ಅವರದ್ದೆಂದು 2009ರಲ್ಲಿ ತೀರ್ಪಾಯಿತು. ಕಾನೂನೇ ಕೊಟ್ಟಿರುವ ವಿನಾಯಿತಿಗಳನ್ನು ಮಾತ್ರ ನ್ಯಾಯಾಲಯ ಉಳಿಸಿತು.

ಚಾನೆಲಿನವರಿಗೂ ಭಯವಿದೆ. ಶುರುವಿಗೆ ಚೆಂದ ಕಾಣಲೆಂದು ಸಿನೆಮಾ ಹಾಡಿನ ತುಣುಕು ಸೇರಿಸಿದರೆ ಯೂಟ್ಯೂಬಿನ ಯಂತ್ರ ಅದನ್ನು ತನ್ನಲ್ಲಿರುವ ಮಾದರಿಯೊಂದಿಗೆ ತಾಳೆ ನೋಡಿ ಹಿಡಿಯುತ್ತದೆ. ಜಾಹೀರಾತಿನ ಹಣ ಹಾಡಿನ ಕಂಪೆನಿಗೆ ಹೋಗಬಹುದು. ಹಕ್ಕುದಾರರ ದೂರಿನಿಂದ 90 ದಿನಗಳಲ್ಲಿ ಮೂರು ಎಚ್ಚರಿಕೆ ಬಂದರೆ ಚಾನೆಲೇ ರದ್ದಾದೀತು. ವರ್ಷಗಟ್ಟಲೆ ಕೂಡಿಟ್ಟ ಆಟಗಳೂ ಅದರೊಂದಿಗೆ ಹೋದ ಹಾಗೆ.

ಆಟ ಗೊತ್ತು ಮಾಡುವಾಗ ಸೇವಾಕರ್ತರು ವೀಳ್ಯ ಕೊಡುತ್ತಾರೆ, ದಿನ ಬರೆದಿಡುತ್ತಾರೆ. ಅದೇ ಕಾಗದದಲ್ಲಿ ಇನ್ನೆರಡು ಸಾಲು ಸೇರಿಸಬಹುದು: ಚಿತ್ರೀಕರಣ ಯಾರು ಮಾಡುತ್ತಾರೆ, ಬಂದ ಹಣದಲ್ಲಿ ಕಲಾವಿದರ ಪಾಲೆಷ್ಟು. ಮೇಳದ ಯಜಮಾನರ ಸಹಿಯ ಜೊತೆ ಭಾಗವತರದ್ದೂ ವೇಷಧಾರಿಗಳದ್ದೂ ಇರಲಿ.