ರಾತ್ರಿ ಒಂದು ಗಂಟೆಯ ಪರವಾನಗಿ, ಪಕ್ಕದ ಮನೆಯ ನಿದ್ದೆ

ಬೆಂಗಳೂರಿನ ಪಬ್ಬು ರಾತ್ರಿ ಒಂದು ಗಂಟೆಯವರೆಗೆ ಬಾಗಿಲು ತೆರೆದಿರಬಹುದು. ಆದರೆ ಅದರ ತಾರಸಿಯ ಮೇಲೆ ಸ್ಪೀಕರ್ ಇಟ್ಟು ಹಾಡು ಹಾಕಲು ಹತ್ತು ಗಂಟೆಯೇ ಕೊನೆ. ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳಲ್ಲಿ ಕೇಳಿಬರುವ ಜಗಳಗಳ ದೊಡ್ಡ ಪಾಲು ಹುಟ್ಟುವುದು ಈ ಮೂರು ಗಂಟೆಗಳಲ್ಲೇ. 'ಒಂದು ಗಂಟೆವರೆಗೆ ಪರ್ಮಿಷನ್ ಇದೆಯಂತೆ' ಎಂದು ನಿವಾಸಿಗಳು ಕಿಟಕಿ ಎಳೆದುಕೊಳ್ಳುತ್ತಾರೆ. ಗಸ್ತಿಗೆ ಬಂದ ಹೊಯ್ಸಳ ವಾಹನದ ಪೊಲೀಸರಿಗೂ ಮ್ಯಾನೇಜರ್ ಅದೇ ಮಾತು ಹೇಳುತ್ತಾನೆ. ಆ ಅನುಮತಿ ಊಟ, ಮದ್ಯ ಬಡಿಸುವ ಹೊತ್ತಿಗೆ ಸಂಬಂಧಿಸಿದ್ದು. ಶಬ್ದಕ್ಕೆ ಬೇರೆಯೇ ಕಾನೂನಿದೆ, ಅದನ್ನು ಜಾರಿ ಮಾಡುವ ಹೊಣೆಯೂ ಬೇರೆ.

ವೇಳೆಯ ಕಥೆ ಹೀಗಿದೆ. ವರ್ಷಗಟ್ಟಲೆ ಬೆಂಗಳೂರಿನ ಬಾರುಗಳು ಹನ್ನೊಂದೂವರೆಗೆ ಬಾಗಿಲು ಹಾಕುತ್ತಿದ್ದವು. 2014ರಲ್ಲಿ ವಾರಾಂತ್ಯಕ್ಕೆ ಮಾತ್ರ ಒಂದು ಗಂಟೆಯ ಪ್ರಯೋಗ ಶುರುವಾಯಿತು, 2016ರಲ್ಲಿ ಅದು ವಾರದ ಎಲ್ಲ ದಿನಗಳಿಗೂ ಹಬ್ಬಿತು. 2024-25ರ ಬಜೆಟ್‌ನಲ್ಲಿ ರಾತ್ರಿ ವ್ಯಾಪಾರಕ್ಕೆ ಒತ್ತು ಕೊಡುವುದಾಗಿ ಹೇಳಿದ ಸರ್ಕಾರ, ಅದೇ ವರ್ಷ ಪಾಲಿಕೆ ವ್ಯಾಪ್ತಿಯ ಹೋಟೆಲು, ಅಂಗಡಿ, ಬಾರುಗಳಿಗೆ ಒಂದು ಗಂಟೆಯವರೆಗೆ ಅವಕಾಶ ಕೊಡುವ ಆದೇಶ ಹೊರಡಿಸಿತು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಈ ಗಂಟೆಯ ಲೆಕ್ಕ. ನನ್ನ ಮಟ್ಟಿಗೆ ಅದು ಸಮಸ್ಯೆಯ ಚಿಕ್ಕ ತುಂಡು. ಒಂದು ಬೀದಿಯಲ್ಲಿ ಪಬ್ಬು ಬರಬೇಕೇ, ಬಂದರೆ ಯಾವ ಷರತ್ತಿನ ಮೇಲೆ ಎಂಬುದು ತೀರ್ಮಾನವಾಗುವ ಹೊತ್ತಿನಲ್ಲಿ ಆ ಬೀದಿಯವರು ಎಲ್ಲಿರುತ್ತಾರೆ ಎಂಬುದು ದೊಡ್ಡ ಪ್ರಶ್ನೆ. ಈಗಿನ ವ್ಯವಸ್ಥೆಯಲ್ಲಿ ಅವರು ಎಲ್ಲಿಯೂ ಇರುವುದಿಲ್ಲ.

ಪಬ್ಬು ತೆರೆಯಲು ಹೊರಟವನು ಯಾವ ಯಾವ ಬಾಗಿಲು ತಟ್ಟಬೇಕು ಎಂದು ನೋಡಿದರೆ ಇದು ಅರ್ಥವಾಗುತ್ತದೆ. ಮದ್ಯದ ಸನ್ನದು ಅಬಕಾರಿ ಇಲಾಖೆಯದ್ದು: ಬಾರ್‌ಗೆ ಸಿಎಲ್-9, ಕೊಠಡಿಗಳಿರುವ ಹೋಟೆಲಿಗೆ ಸಿಎಲ್-7, ಬರೀ ಬಿಯರ್ ಮಾರಲು ಇನ್ನೊಂದು, ಅಲ್ಲೇ ಬಿಯರ್ ತಯಾರಿಸುವ ಮೈಕ್ರೋಬ್ರೂವರಿಗೆ ಮತ್ತೊಂದು. ಉದ್ದಿಮೆ ಪರವಾನಗಿ ಪಾಲಿಕೆಯದ್ದು. ಬೆಂಕಿ ಸುರಕ್ಷತೆಯ ಎನ್‌ಒಸಿ ಅಗ್ನಿಶಾಮಕ ಇಲಾಖೆಯದ್ದು, ಆಹಾರದ ಪರವಾನಗಿ ಮತ್ತೊಂದು ಕಡೆಯದ್ದು. ಲೈವ್ ಬ್ಯಾಂಡ್ ಅಥವಾ ಡಿಸ್ಕೋ ಇದ್ದರೆ ಪೊಲೀಸ್ ಕಮಿಷನರ್ ಅವರಿಂದ ಸಾರ್ವಜನಿಕ ಮನರಂಜನೆಯ ಲೈಸೆನ್ಸ್. ಒಬ್ಬೊಬ್ಬರೂ ತಮ್ಮ ಚೌಕಟ್ಟನ್ನು ಮಾತ್ರ ಪರೀಕ್ಷಿಸುತ್ತಾರೆ. ಅಬಕಾರಿ ನಿಯಮದಲ್ಲಿ ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ದೂರ ಇರಬೇಕೆಂಬ ಷರತ್ತಿದೆ. ಸಾಮಾನ್ಯ ಮನೆಯಿಂದ ಇಷ್ಟು ದೂರ ಎಂಬ ಷರತ್ತಿಲ್ಲ. ಮನೆಯ ಕಾಂಪೌಂಡಿಗೇ ಆತುಕೊಂಡು ಬಾರು ಬಂದರೂ ಈ ನಿಯಮದ ಪ್ರಕಾರ ತಪ್ಪಾಗುವುದಿಲ್ಲ.

1992ರ ನಂತರ ಚಿಲ್ಲರೆ ಮದ್ಯದಂಗಡಿಯ ಸಿಎಲ್-2, ಬಾರಿನ ಸಿಎಲ್-9 ಹೊಸ ಸನ್ನದುಗಳನ್ನು ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಮದ್ಯದಂಗಡಿಗಳ ಸಂಖ್ಯೆ ಹಿಡಿತದಲ್ಲಿಡುವುದು ಉದ್ದೇಶ. ಆದದ್ದೇನೆಂದರೆ, ಹಳೆಯ ಸನ್ನದುಗಳು ಕೈ ಬದಲಿಸಿ, ಜಾಗ ಬದಲಿಸಿ, ವ್ಯಾಪಾರ ಚೆನ್ನಾಗಿರುವ ಬೀದಿಗಳತ್ತ ಸರಿದವು. ಊರಿನ ಒಟ್ಟು ಲೆಕ್ಕ ಕಾಗದದಲ್ಲಿ ಅಷ್ಟೇ ಇರುತ್ತದೆ. ಒಂದು ಬೀದಿಯಲ್ಲಿ ಎಷ್ಟು ಗುಂಪಾದವು ಎಂದು ಕೇಳುವವರಿಲ್ಲ.

ಜೊತೆಗೆ ಭೂಬಳಕೆಯ ವಿಷಯ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್-2015 ವಸತಿ ಪ್ರದೇಶಗಳಲ್ಲಿ ಮಿಶ್ರ ಬಳಕೆಗೆ ಧಾರಾಳವಾಗಿ ಬಾಗಿಲು ತೆರೆಯಿತು. ಅಗಲ ರಸ್ತೆಯ ಮನೆಗಳು ಒಂದೊಂದಾಗಿ ಕಚೇರಿ, ಬಟ್ಟೆ ಅಂಗಡಿ, ಆಮೇಲೆ ರೆಸ್ಟೋರೆಂಟ್ ಆದವು. ಇಂದಿರಾನಗರ ಮನೆ ಕಟ್ಟಲೆಂದೇ ನಿವೇಶನ ಹಂಚಿದ ಬಡಾವಣೆ. ಅದರ 100 ಅಡಿ ರಸ್ತೆ, 12ನೇ ಮುಖ್ಯರಸ್ತೆಗಳ ಇಂದಿನ ರೂಪ ನೋಡಿದರೆ, ನಿವೃತ್ತರಾಗಿ ಅಲ್ಲೇ ಉಳಿದ ಹಿರಿಯರ ಸಂಕಟ ಯಾರಿಗಾದರೂ ತಿಳಿದೀತು.

ಈಗ ಶಬ್ದದ ಕಾನೂನಿಗೆ ಬರೋಣ, ಇದು ಪ್ರತಿ ಓದುಗರಿಗೂ ಗೊತ್ತಿರಬೇಕಾದದ್ದು. ಕೇಂದ್ರದ ಶಬ್ದ ಮಾಲಿನ್ಯ ನಿಯಮಗಳು 2000ರಲ್ಲಿ ಬಂದವು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಹಗಲು, ಉಳಿದದ್ದು ರಾತ್ರಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ, ವಾದ್ಯ, ಸೌಂಡ್ ಸಿಸ್ಟಮ್ ಬಳಸುವುದಾದರೆ ಮುಚ್ಚಿದ ಸಭಾಂಗಣದಂಥ ಜಾಗದ ಒಳಗೆ ಮಾತ್ರ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಇಷ್ಟನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಖಡಾಖಂಡಿತವಾಗಿ ಎತ್ತಿಹಿಡಿದಿದೆ. ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ತಾರಸಿ 'ಮುಚ್ಚಿದ ಜಾಗ' ಆಗುವುದಿಲ್ಲ. ಮುಚ್ಚಿದ ಜಾಗದ ಒಳಗೆ ಹಾಡು ಹಾಕಿದರೂ, ಆ ಆಸ್ತಿಯ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಕೇಳಬಾರದು.

ದೂರು ಕೊಡಲು ಡೆಸಿಬೆಲ್ ಯಂತ್ರ ಬೇಕೇ? ಎಷ್ಟೋ ಜನ ಹಾಗೆಂದುಕೊಂಡು ಸುಮ್ಮನಾಗುತ್ತಾರೆ. ನಿಯಮದಲ್ಲಿ ದೂರಿಗೆ ಎರಡು ದಾರಿಗಳಿವೆ. ಶಬ್ದವು ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ದೂರು ಕೊಡಬಹುದು. ರಾತ್ರಿಯ ನಿರ್ಬಂಧವನ್ನು ಮುರಿದಿದ್ದರೆ ಅದಷ್ಟರ ಮೇಲೆಯೇ ಕೊಡಬಹುದು. ಎರಡನೆಯದಕ್ಕೆ ಅಳತೆಯ ಅಗತ್ಯವಿಲ್ಲ. ಹನ್ನೊಂದು ಗಂಟೆಗೆ ತೆರೆದ ತಾರಸಿಯಲ್ಲಿ ಸ್ಪೀಕರ್ ನಡೆಯುತ್ತಿದೆ ಎಂಬುದೇ ಸಾಕು.

ಅಳತೆಯಲ್ಲೂ ಒಂದು ತೊಡಕಿದೆ. ಡೆಸಿಬೆಲ್ ಲೆಕ್ಕ ಸಾಮಾನ್ಯ ಕೂಡುವಿಕೆಯಂತೆ ನಡೆಯುವುದಿಲ್ಲ: 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡರಷ್ಟು ಜೋರೆನಿಸುತ್ತದೆ. 45ರ ಜಾಗದಲ್ಲಿ 65 ಬಂದರೆ ನೂರು ಪಟ್ಟು. ನಿಯಮ ಹೇಳುವುದು 'ಎ' ತೂಕದ ಡೆಸಿಬೆಲ್. ಮನುಷ್ಯನ ಕಿವಿ ತಗ್ಗಿನ ಸ್ವರಗಳಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲವೆಂದು ಈ ಅಳತೆ ಅವನ್ನು ಕಡಿತ ಮಾಡಿ ಎಣಿಸುತ್ತದೆ. 63 ಹರ್ಟ್ಸ್‌ನ ಬೇಸ್ ದನಿಗೆ ಸುಮಾರು 26 ಡೆಸಿಬೆಲ್ ಕಡಿತ. ಆದರೆ ಗೋಡೆ ದಾಟಿ ಬರುವುದು, ಕಿಟಕಿ ಗಾಜು ಅದುರಿಸುವುದು, ದಿಂಬಿನಡಿ ಧಿಮ್ ಧಿಮ್ ಎನ್ನುವುದು ಇದೇ ಬೇಸ್. ತೀಕ್ಷ್ಣ ಸ್ವರಗಳನ್ನು ಇಟ್ಟಿಗೆ ಗೋಡೆ ತಡೆಯುತ್ತದೆ, ತಗ್ಗಿನ ದನಿಯ ಉದ್ದನೆಯ ಅಲೆಗಳನ್ನು ಅಷ್ಟು ಸುಲಭವಾಗಿ ತಡೆಯದು. ಅಧಿಕಾರಿ ಯಂತ್ರ ಹಿಡಿದು ರಸ್ತೆಯಲ್ಲಿ ನಿಂತರೆ ಅಂಕಿ ಮಿತಿಯ ಆಸುಪಾಸಿನಲ್ಲೇ ಇರುತ್ತದೆ, ಮಲಗುವ ಕೋಣೆಯಲ್ಲಿ ಮಗು ಎಚ್ಚರವಾಗಿರುತ್ತದೆ. ಯಂತ್ರವೂ ಸುಳ್ಳು ಹೇಳುತ್ತಿಲ್ಲ, ತಾಯಿಯೂ ಸುಳ್ಳು ಹೇಳುತ್ತಿಲ್ಲ. ಬೇಸ್‌ಗೆ ಪ್ರತ್ಯೇಕ ಮಿತಿ ಹಾಕಿ, ಸೌಂಡ್ ಸಿಸ್ಟಮ್‌ಗೆ ಲಿಮಿಟರ್ ಕೂರಿಸಿ ಸೀಲ್ ಮಾಡಿಸುವುದು ಇದಕ್ಕೆ ತಾಂತ್ರಿಕ ಮದ್ದು. ಪರವಾನಗಿಯ ಷರತ್ತಿನಲ್ಲೇ ಅದನ್ನು ಬರೆಯಲು ನಮ್ಮ ಪಾಲಿಕೆಗಳಿಗೆ ಏನೂ ಅಡ್ಡಿ ಇರಬಾರದು.

ಆದರೆ ಶಬ್ದವೊಂದೇ ದೂರಲ್ಲ. ಬೀದಿಯ ಎರಡೂ ಕಡೆ ವ್ಯಾಲೆಟ್ ಹುಡುಗರು ನಿಲ್ಲಿಸಿದ ಕಾರು, ಗೇಟಿನ ಮುಂದೆ ಸಿಗರೇಟು ಹಚ್ಚಿದ ಗುಂಪು, ಹಿಂಬದಿಯ ಜನರೇಟರ್, ಅಡುಗೆಮನೆಯ ಚಿಮಣಿಯ ಹೊಗೆ, ಒಂದೂವರೆಗೆ ಡ್ರಮ್ಮಿಗೆ ಸುರಿಯುವ ಖಾಲಿ ಬಾಟಲಿಗಳು. ಮೆಟ್ರೋದ ಕೊನೆಯ ರೈಲುಗಳು ಸುಮಾರು ಹನ್ನೊಂದಕ್ಕೆ ಮುಗಿಯುತ್ತವೆ, ಪಬ್ಬು ಒಂದಕ್ಕೆ. ಹೊರಬಂದವರೆಲ್ಲ ಒಟ್ಟಿಗೇ ಕ್ಯಾಬು, ಆಟೋ ಹುಡುಕುತ್ತಾ ಅದೇ ಬೀದಿಯಲ್ಲಿ ನಿಲ್ಲುತ್ತಾರೆ. ಒಂದು ಗಂಟೆಯ ಆದೇಶ ಹೊರಡಿಸಿದ ಸರ್ಕಾರವೇ ಮೆಟ್ರೋ, ಬಸ್ಸಿನ ವೇಳೆಯನ್ನೂ ಅದಕ್ಕೆ ಹೊಂದಿಸಬೇಕಿತ್ತು.

ಉದ್ದಿಮೆದಾರರ ಕಷ್ಟವನ್ನೂ ಹೇಳಲೇಬೇಕು. ಲೈವ್ ಬ್ಯಾಂಡ್, ಡಿಸ್ಕೋಗಳಿಗೆ ಪೊಲೀಸ್ ಲೈಸೆನ್ಸ್ ಕಡ್ಡಾಯ ಮಾಡಿದ ಬೆಂಗಳೂರಿನ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಆ ಲೈಸೆನ್ಸಿಗೆ ಪಟ್ಟು ಹಿಡಿದರು. ಲೈಸೆನ್ಸಿಗೆ ಕಟ್ಟಡದ ಸ್ವಾಧೀನ ಪ್ರಮಾಣಪತ್ರ, ಅಂದರೆ ಓಸಿ ಬೇಕು. ಬೆಂಗಳೂರಿನ ಹಳೆಯ ಕಟ್ಟಡಗಳಲ್ಲಿ ಓಸಿ ಇಲ್ಲದವೇ ಬಹಳ. ಗಿಟಾರ್ ಹಿಡಿದು ನಾಲ್ವತ್ತು ಮಂದಿಗೆ ಹಾಡುವ ಹುಡುಗನಿಗೂ, ಕಿವಿ ಕಿತ್ತುಹೋಗುವಂಥ ಡಿಜೆಗೂ ಒಂದೇ ಅಳತೆಗೋಲು ಬಿತ್ತು. ಊರಿನ ಎಷ್ಟೋ ವೇದಿಕೆಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. ಆ ದಾಖಲೆಗಳನ್ನು ಕೇಳಿದ್ದರ ಹಿಂದೆ ಜೀವ ಉಳಿಸುವ ಕಾಳಜಿ ಇತ್ತು ನಿಜ: 2017ರ ಡಿಸೆಂಬರಿನಲ್ಲಿ ಮುಂಬೈನ ಕಮಲಾ ಮಿಲ್ಸ್ ಆವರಣದ ಪಬ್ ಬೆಂಕಿಯಲ್ಲಿ 14 ಜನ ಸತ್ತಿದ್ದರು. ಬೆಂಕಿಯ ವಿಷಯದಲ್ಲಿ ಎಳ್ಳಷ್ಟೂ ರಿಯಾಯಿತಿ ಬೇಡ. ಆದರೆ ಸಂಗೀತದ ಗಾತ್ರ ನೋಡಿ ಲೈಸೆನ್ಸಿನ ಗಾತ್ರ ನಿರ್ಧರಿಸಲು ಏನು ಕಷ್ಟ?

ಹೊರಗಿನ ಊರುಗಳಲ್ಲಿ ಇದನ್ನು ಹೇಗೆ ತೂಗುತ್ತಾರೆ ಎಂಬುದಕ್ಕೆ ನ್ಯೂಯಾರ್ಕ್ ಒಳ್ಳೆಯ ಉದಾಹರಣೆ. ಮದ್ಯದ ಲೈಸೆನ್ಸ್ ಕೊಡುವುದು ಅಲ್ಲೂ ರಾಜ್ಯದ ಪ್ರಾಧಿಕಾರವೇ. ಆದರೆ ಅರ್ಜಿ ಹಾಕುವ 30 ದಿನ ಮೊದಲು ಅರ್ಜಿದಾರ ತನ್ನ ಪ್ರದೇಶದ ಸಮುದಾಯ ಮಂಡಳಿಗೆ ತಿಳಿಸಬೇಕು. ನಗರದಲ್ಲಿ ಇಂಥ 59 ಮಂಡಳಿಗಳಿವೆ. ಮಂಡಳಿಯ ಸಭೆಗೆ ಅರ್ಜಿದಾರನೂ ಬರುತ್ತಾನೆ, ಬೀದಿಯವರೂ ಬರುತ್ತಾರೆ. ಎಷ್ಟು ಗಂಟೆಗೆ ಮುಚ್ಚುವುದು, ಹಿತ್ತಲಲ್ಲಿ ಕುರ್ಚಿ ಹಾಕಬಹುದೇ, ಡಿಜೆ ಇದೆಯೇ ಎಂದೆಲ್ಲ ಚೌಕಾಸಿ ನಡೆದು ಒಪ್ಪಂದ ಬರಹಕ್ಕೆ ಇಳಿಯುತ್ತದೆ, ಮುಂದೆ ಅದು ಲೈಸೆನ್ಸಿನ ಷರತ್ತಾಗಬಹುದು. ಮಂಡಳಿಯ ಮಾತು ಸಲಹೆ ಮಾತ್ರ, ಆದರೂ ತೂಕವಿದೆ. 500 ಅಡಿಯೊಳಗೆ ಆಗಲೇ ಮೂರು ಅಥವಾ ಹೆಚ್ಚು ಬಾರುಗಳಿದ್ದರೆ, ಇನ್ನೊಂದು ಬರುವುದರಿಂದ ಸಾರ್ವಜನಿಕರಿಗೆ ಏನು ಹಿತ ಎಂದು ವಿಚಾರಣೆ ನಡೆಯಬೇಕು. ಒಂದೇ ಬೀದಿಯಲ್ಲಿ ಗುಂಪಾಗುವುದಕ್ಕೆ ನಮ್ಮಲ್ಲಿ ಇಲ್ಲದ ತಡೆ ಇದೇ. 2017ರಲ್ಲಿ ಆ ನಗರ ರಾತ್ರಿ ಉದ್ದಿಮೆಗಳಿಗೆಂದೇ ಒಂದು ಕಚೇರಿ ತೆರೆಯಿತು. ಪಬ್ಬಿನವರನ್ನೂ ಮೇಲಿನ ಮಹಡಿಯವರನ್ನೂ ಒಟ್ಟಿಗೆ ಕೂರಿಸಿ ಸಂಧಾನ ಮಾಡಿಸುವ ಸೇವೆಯೂ ಈಗ ಅಲ್ಲಿದೆ. ಕುಣಿತಕ್ಕೆ ಲೈಸೆನ್ಸ್ ಬೇಕೆನ್ನುತ್ತಿದ್ದ 1926ರ ಕಾನೂನನ್ನು ನಗರ 2017ರಲ್ಲೇ ರದ್ದು ಮಾಡಿತು.

ಸಿಡ್ನಿಯದು ಬೇರೆ ದಾರಿ. ಕುಡಿದ ಮತ್ತಿನ ಹೊಡೆತಕ್ಕೆ ಯುವಕರು ಬಲಿಯಾದ ಮೇಲೆ 2014ರಲ್ಲಿ ನಗರದ ಮಧ್ಯಭಾಗಕ್ಕೆಲ್ಲ ಒಂದೇ ನಿಯಮ ಬಂತು: ಒಂದೂವರೆಯ ನಂತರ ಹೊಸಬರಿಗೆ ಪ್ರವೇಶವಿಲ್ಲ, ಮೂರರ ನಂತರ ಮದ್ಯವಿಲ್ಲ. ಒಳ್ಳೆಯ ಜಾಗ, ಕೆಟ್ಟ ಜಾಗ ಎನ್ನದೆ ಎಲ್ಲರಿಗೂ ಒಂದೇ ಬೀಗ. ಸಂಗೀತದ ತಾಣಗಳು ಸೊರಗಿದವು. 2020ರಲ್ಲಿ ಹೆಚ್ಚಿನ ಭಾಗದಲ್ಲಿ, 2021ರಲ್ಲಿ ಉಳಿದ ಕಿಂಗ್ಸ್ ಕ್ರಾಸ್‌ನಲ್ಲೂ ಒಂದೂವರೆಯ ಬೀಗ ತೆಗೆದರು.

ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಯೋಜನಾ ನಿಯಮಗಳಿಗೆ ಸೇರಿಸಿಕೊಂಡ ಇನ್ನೊಂದು ತತ್ವ ನನಗೆ ಬಹಳ ನ್ಯಾಯವೆನಿಸುತ್ತದೆ. ಬದಲಾವಣೆ ತಂದವರೇ ಅದರ ಖರ್ಚು ಹೊರಬೇಕು. ಹಳೆಯ ಸಂಗೀತ ತಾಣದ ಪಕ್ಕ ಅಪಾರ್ಟ್‌ಮೆಂಟ್ ಕಟ್ಟಿದರೆ ಶಬ್ದ ತಡೆಯುವ ಕಿಟಕಿ ಹಾಕಿಸುವುದು ಬಿಲ್ಡರ್ ಹೊಣೆ. ಹಾಗಾದರೆ ಚರ್ಚ್ ಸ್ಟ್ರೀಟಿನ ಹಳೆಯ ಪಬ್ಬಿನ ಪಕ್ಕ ಹೊಸದಾಗಿ ಮನೆ ಕಟ್ಟಿಸುವವರು ದೂರುವ ಮೊದಲು ಯೋಚಿಸಬೇಕು. ಇಂದಿರಾನಗರದ ಅಡ್ಡರಸ್ತೆಯಲ್ಲಿ ಮನೆ ಮೊದಲು ಬಂದದ್ದು, ಅಲ್ಲಿ ಗೋಡೆ ದಪ್ಪ ಮಾಡಿಸಬೇಕಾದವನು ಪಬ್ಬಿನ ಮಾಲೀಕ.

ನಮ್ಮ ನಿವಾಸಿಗಳ ಕೈಯಲ್ಲಿ ಈಗಲೇ ಇರುವ ದಾರಿಗಳು ಇಷ್ಟು. ರಾತ್ರಿಯ ಗದ್ದಲಕ್ಕೆ 112ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದಿನಾಂಕ, ವೇಳೆ, ಯಾವ ತಾರಸಿ, ಎಷ್ಟು ಹೊತ್ತು ಎಂಬ ಪುಟ್ಟ ದಾಖಲೆಗೆ, ಒಂದು ದಿನದ ಕೋಪಕ್ಕಿಂತ ಹೆಚ್ಚಿನ ಬೆಲೆ ಇದೆ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಪಾಲಿಕೆಯಿಂದ ಉದ್ದಿಮೆ ಪರವಾನಗಿ, ಮಂಜೂರಾದ ನಕ್ಷೆ ಮತ್ತು ಓಸಿಯ ಪ್ರತಿಗಳನ್ನು ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ. ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ಜಾಗ ಅಡುಗೆಮನೆಯಾಗಿದ್ದರೆ, ತಾರಸಿಯ ಮೇಲೆ ನಕ್ಷೆಯಲ್ಲೇ ಇಲ್ಲದ ಮಹಡಿ ಎದ್ದಿದ್ದರೆ, ಶಬ್ದದ ದೂರಿಗಿಂತ ಗಟ್ಟಿಯಾದ ಆಧಾರ ಅದು. ಪದೇ ಪದೇ ಕಾಡುವ ಉಪದ್ರವಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಕಾರ್ಯನಿರ್ವಾಹಕ ದಂಡಾಧಿಕಾರಿಯ ಮುಂದೆ ಹೋಗಬಹುದು. ನೀವು ಒಬ್ಬರೇ ಹೋಗುವುದಕ್ಕಿಂತ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಲೆಟರ್‌ಹೆಡ್ಡಿನಲ್ಲಿ ಹೋಗುವುದು ಒಳ್ಳೆಯದು.

ಇವೆಲ್ಲ ಪಬ್ಬು ಬಂದ ಮೇಲಿನ ಓಡಾಟ. ಬರುವ ಮೊದಲೇ ಮಾತುಕತೆ ನಡೆಯಬೇಕಾದರೆ ನಿಯಮ ಬದಲಾಗಬೇಕು. ಅದಕ್ಕೆ ಇದು ತಕ್ಕ ಹೊತ್ತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ, ಅವುಗಳ ನಡಾವಳಿ ಇನ್ನೂ ಹದಗೊಳ್ಳುತ್ತಿದೆ. ವಸತಿ ಬೀದಿಯಲ್ಲಿ ಮದ್ಯ ಬಡಿಸುವ ಪ್ರತಿ ಹೊಸ ಅರ್ಜಿಯನ್ನೂ ಒಂದು ತಿಂಗಳು ಮೊದಲೇ ವಾರ್ಡ್ ಸಮಿತಿಯ ಮುಂದಿಟ್ಟು, ಒಪ್ಪಿದ ಷರತ್ತುಗಳನ್ನು ಪರವಾನಗಿಯ ಮೇಲೇ ಅಚ್ಚು ಹಾಕಿ, ಅದನ್ನು ಪಬ್ಬಿನ ಬಾಗಿಲಲ್ಲಿ ಕನ್ನಡದಲ್ಲಿ ತೂಗುಹಾಕಲಿ. ಆಗ ಎಚ್ಚರಿಕೆಯಿಂದ ನಡೆಸುವ ಮಾಲೀಕನಿಗೆ ಮಧ್ಯರಾತ್ರಿಯ ದಾಳಿಯ ಭಯವಿರುವುದಿಲ್ಲ, ನೆರೆಯವರಿಗೂ ಏನನ್ನು ಕೇಳಬಹುದೆಂದು ಗೊತ್ತಿರುತ್ತದೆ. ಪಾಲಿಕೆಯ ಪರವಾನಗಿ ವರ್ಷ ಏಪ್ರಿಲ್ 1ಕ್ಕೆ, ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ನಿಮ್ಮ ಬೀದಿಯ ಬಗ್ಗೆ ಹೇಳುವುದೇನಾದರೂ ಇದ್ದರೆ ಈ ಎರಡು ದಿನಾಂಕಗಳಿಗೆ ಮೊದಲೇ, ಬರಹದಲ್ಲಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.