ಕಡಲ ಬಂಡೆಯ ಮೇಲೊಂದು ಧರ್ಮಪೀಠ

ನವೆಂಬರ್ 15 ನಮ್ಮ ಪೂಜಾ ಪಂಚಾಂಗದಲ್ಲಿ ಮಹಾ ಸಂತ ಆಲ್ಬರ್ಟರ ದಿನ. ಅಂದೇ ಫ್ರಾನ್ಸ್ ದೇಶದ ವಾಯವ್ಯ ಮೂಲೆಯ ಬ್ರಿಟ್ಟನಿಯಲ್ಲಿ ಸಂತ ಮಾಲೊ ಅವರ ಹಬ್ಬ. ಅವರ ಹೆಸರನ್ನೇ ಹೊತ್ತ ಬಂದರು ಪಟ್ಟಣ ಸೇಂಟ್ ಮಾಲೊ. ಆದರೆ ಪ್ರಿಯ ಓದುಗರೇ, ಅವರು ಧರ್ಮಾಧ್ಯಕ್ಷರಾಗಿದ್ದುದು ಆ ಊರಿನಲ್ಲಲ್ಲ!

ಅವರ ಪೀಠವಿದ್ದ ಊರು ಅಲೆತ್. ರಾನ್ಸ್ ನದಿ ಸಮುದ್ರ ಸೇರುವಲ್ಲಿ, ನೀರಿಗೆ ಚಾಚಿಕೊಂಡ ನೆಲದ ಮೇಲೆ ರೋಮನ್ನರ ಕಾಲದಲ್ಲೇ ಗೋಡೆ ಕಟ್ಟಿಕೊಂಡಿದ್ದ ಪಟ್ಟಣ. ಅದರೆದುರು, ಕಣ್ಣಳತೆಯ ದೂರದಲ್ಲಿ ಒಂದು ಬಂಡೆಯ ದ್ವೀಪ. 6ನೇ ಶತಮಾನದಲ್ಲಿ ಅಲ್ಲಿ ಆರೋನ್ ಎಂಬ ವಿರಕ್ತರು ಪ್ರಾರ್ಥನೆ, ತಪಸ್ಸುಗಳಲ್ಲಿ ಬಾಳುತ್ತಿದ್ದರಂತೆ. ಆ ಕಾಲದಲ್ಲಿ ಬ್ರಿಟನ್ನಿನ ಕ್ರೈಸ್ತರು ಗುಂಪು ಗುಂಪಾಗಿ ಕಡಲು ದಾಟಿ ಬಂದು ನೆಲೆಸಿದರು; ಬ್ರಿಟ್ಟನಿ ಎಂಬ ಹೆಸರು ಬಂದದ್ದೇ ಅವರಿಂದ. ಹಾಗೆ ಬಂದ ಸಂನ್ಯಾಸಿಗಳಲ್ಲಿ ವೇಲ್ಸ್ ನಾಡಿನ ಮಾಲೊ ಒಬ್ಬರು. ಆರೋನರು ಅವರನ್ನು ಬರಮಾಡಿಕೊಂಡರು, ಮುಂದೆ ಮಾಲೊ ಅಲೆತ್‌ನ ಧರ್ಮಾಧ್ಯಕ್ಷರಾದರು ಎನ್ನುತ್ತದೆ ಪರಂಪರೆ.

ಬಿಲಿ ಎಂಬವರು ಮಾಲೊ ಅವರ ಜೀವನಚರಿತ್ರೆ ಬರೆದದ್ದು 9ನೇ ಶತಮಾನದಲ್ಲಿ, ಅಂದರೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅದರಲ್ಲಿ ತಿಮಿಂಗಿಲದ ಬೆನ್ನ ಮೇಲೆ ಪಾಸ್ಖ ಹಬ್ಬದ ಬಲಿಪೂಜೆ ಅರ್ಪಿಸಿದ ಪ್ರಸಂಗವೂ ಉಂಟು. ಮಕ್ಕಳಿಗೆ ಹೇಳಲು ಸೊಗಸಾದ ಕಥೆ; ಇತಿಹಾಸವೆನ್ನಲಾಗದು. ಆದರೆ ಊರಿನವರ ವಿರೋಧದಿಂದ ಮಾಲೊ ಅಲೆತ್ ತೊರೆದರು, ಕೊನೆಗೆ ದೂರದ ಸ್ಯಾಂತೋಂಜ್ ಸೀಮೆಯಲ್ಲಿ ತೀರಿಕೊಂಡರು ಎಂಬುದನ್ನೂ ಪರಂಪರೆ ಮುಚ್ಚಿಡಲಿಲ್ಲ. ಹೊಗಳಲೆಂದೇ ಕಟ್ಟಿದ ಕಥೆಯಲ್ಲಿ ಇಂಥ ಮಾತಿಗೇನು ಕೆಲಸ? ಇದರಲ್ಲಿ ಸತ್ಯಾಂಶವಿರಬೇಕೆಂದು ನನಗೆ ತೋರುತ್ತದೆ.

ಮುಂದೆ ಬ್ರಿಟ್ಟನಿಯ ಕರಾವಳಿ ವೈಕಿಂಗರ ದಾಳಿಗೆ ತುತ್ತಾಯಿತು. ಸುತ್ತಲೂ ನೀರಿದ್ದ ಬಂಡೆಯೇ ಜನರಿಗೆ ಕ್ಷೇಮವೆನಿಸಿತು. 12ನೇ ಶತಮಾನದ ಮಧ್ಯಭಾಗದಲ್ಲಿ ಧರ್ಮಾಧ್ಯಕ್ಷ ಜಾನ್ ದ ಶಾತಿಯೋನ್ ತಮ್ಮ ಪೀಠವನ್ನೇ ಅಲ್ಲಿಗೆ ಸಾಗಿಸಿದರು. ಇದೇನೂ ಸಲೀಸಾಗಿ ಆದದ್ದಲ್ಲ. ಬಂಡೆಯ ಮೇಲಿನ ದೇವಾಲಯ ತಮ್ಮದೆಂದು ಮಾರ್ಮೂಟಿಯೆ ಮಠದವರು ಹಟಹಿಡಿದರು. ವ್ಯಾಜ್ಯ ರೋಮ್‌ವರೆಗೆ ಹೋಯಿತು. ಕ್ಲೇರ್ವೋ ಮಠದ ಸಂತ ಬೆರ್ನಾರ್ಡರು ಧರ್ಮಾಧ್ಯಕ್ಷರ ಪರ ನಿಂತರು. ಕೊನೆಗೂ ಗೆದ್ದ ಜಾನ್ ಅಲ್ಲಿ ಸಂತ ವಿನ್ಸೆಂಟರ ಪ್ರಧಾನಾಲಯದ ಕೆಲಸ ಆರಂಭಿಸಿದರು. ಊರಿನ ಸುತ್ತ ಗೋಡೆಯೂ ಎದ್ದಿತು. ಬೆನ್ನಟ್ಟಲ್ಪಟ್ಟವರು ಓಡಿಬಂದರೆ ಅಲ್ಲಿ ಆಶ್ರಯದ ಹಕ್ಕಿತ್ತು. ಊರು ಬೆಳೆಯಲು ಅದೂ ಒಂದು ಕಾರಣ. ಜಾನ್ 1163ರಲ್ಲಿ ನಿಧನರಾದರು.

ಹೀಗೆ ಮಾಲೊ ಅವರ ಹೆಸರು ಪೀಠದ ಜೊತೆಗೇ ನೀರು ದಾಟಿ ಬಂದು ಬಂಡೆಗೆ ಅಂಟಿತು. ಅಲೆತ್‌ನ ಹಳೆಯ ಪ್ರಧಾನಾಲಯದ ಮುರುಕು ಗೋಡೆಗಳನ್ನು ಇಂದಿಗೂ ನೋಡಬಹುದು. ಮೊದಲು ಆ ಬಂಡೆಯಲ್ಲಿ ಪ್ರಾರ್ಥಿಸಿದ ಆರೋನರಿಗೆ, ಕೋಟೆಯೊಳಗಿನ ಎತ್ತರದ ಜಾಗದಲ್ಲಿ, 1621ರಲ್ಲಿ ಕಟ್ಟಿದ ಪುಟ್ಟ ಪ್ರಾರ್ಥನಾಲಯವೊಂದಿದೆ.