ಹೊರಡುವ ದಾದಿಯ ಮಾತಿಗೆ ಕಿವಿಗೊಡೋಣ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳ ನಮ್ಮ ಕುಟುಂಬಗಳಲ್ಲಿ ಶುಶ್ರೂಷೆಯನ್ನು ದೈವಕರೆಯೆಂದು ಬಗೆದ ಹೆಣ್ಣುಮಕ್ಕಳಿದ್ದಾರೆ. ಅವರು ಕೆಲಸ ತೊರೆದಾಗ ರಾಜೀನಾಮೆಯಲ್ಲಿ ಕಾಣುವುದು ಬಹುಶಃ ‘ಸ್ವಂತ ಕಾರಣ’ವೊಂದೇ. ಎಡೆಬಿಡದ ರಾತ್ರಿಪಾಳಿ, ಸಿಗದ ರಜೆ, ಮೇಲಿನವರ ಗದರಿಕೆಗಳನ್ನು ಬರೆದರೆ ಅನುಭವಪತ್ರ ತಪ್ಪೀತೆಂಬ ಅಂಜಿಕೆ.

ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ರಚಿತವಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಯರಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಸಲ್ಲಬೇಕೆಂದಿತು. ಆದರೆ ಸಂಬಳವೊಂದೇ ಕಾರಣವೆಂದು ಊಹಿಸುವುದು ಸಲ್ಲದು, ಕೇಳಿ ತಿಳಿಯಬೇಕು. ಅನುಭವಪತ್ರವನ್ನು ಮೊದಲೇ ಕೈಗಿತ್ತು, ಅವರ ಮೇಲಧಿಕಾರಿಯಲ್ಲದ ಒಬ್ಬರು ಏಕಾಂತದಲ್ಲಿ ಕೇಳಲಿ. ಹೇಳಿದ ಕುಂದುಗಳು ಉಳಿದವರಿಗಾಗಿಯಾದರೂ ನೀಗಲಿ. ಮನೆಯಲ್ಲಿ ನಾವೂ ಗದರದೆ ಆಲಿಸೋಣ.

ದಾದಿಯರ ಪಾಲಕರಾದ ಸಂತ ಕಮಿಲ್ಲಸರು ರೋಗಿಯಲ್ಲಿ ಕ್ರಿಸ್ತರನ್ನು ಕಂಡರು. ರೋಗಿಯ ಬಳಿ ನಿಂತವರಲ್ಲಿಯೂ ನಾವು ಅವರನ್ನು ಕಾಣೋಣ.